ನಿಧಿಯ ನೆತ್ತಿ

ಸೆಪ್ಟೆಂಬರ್ 9, 2024, ಕಲೂರ್

ಮೇಲಿನ ಮನೆಯ ಗ್ರೇಸಿ ಇವತ್ತು ಮತ್ತೆ ಬಂದಳು. ಬಾಳೆಕಾಯಿ ಚಿಪ್ಸು ಕೊಟ್ಟು ಸುಮ್ಮನೆ ಹೋಗಬಹುದಿತ್ತು. ಇಲ್ಲ, ತೊಟ್ಟಿಲಿಗೆ ಬಗ್ಗಿ ನೋಡಿ, "ಅಮ್ಮೇ, ಕುಞ್ಞಿಂಡೆ ತಲ ನೀಂಡಿಟ್ಟಾಣಲ್ಲೋ" ಅಂದಳು. ಮಗುವಿನ ತಲೆ ಉದ್ದವಂತೆ. ಪುತ್ತೂರಿನ ಕಾಲೇಜಿನಲ್ಲಿ ಇಡೀ ಜನ್ಮ ಪ್ರಾಣಿಶಾಸ್ತ್ರ ಕಲಿಸಿದ ನನಗೆ, ಚಂದ್ರಾವತಿ ಮೇಡಮ್ಮಿಗೆ, ಇವಳು ತಲೆಯ ಪಾಠ ಹೇಳುವುದು! "ಸಾರಮಿಲ್ಲ, ಏನೂ ತೊಂದರೆಯಿಲ್ಲ, ಎಣ್ಣೆ ಹಾಕಿ ಒತ್ತಿದರೆ ಸರಿಯಾಗ್ತದೆ" ಎಂದು ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ ಹೇಳಿ ಕಳಿಸಿದೆ.

ಒತ್ತುತ್ತಲೇ ಇದ್ದೇನೆ. ದಿನಾ ಬೆಳಿಗ್ಗೆ ಕಾಲ ಮೇಲೆ ಮಲಗಿಸಿ, ತೆಂಗಿನೆಣ್ಣೆ ಹಚ್ಚಿ, ಬಿಸಿನೀರು ಹೊಯ್ಯುವಾಗ ಒಂದು ಅಂಗೈ ಹಣೆಗೆ, ಇನ್ನೊಂದು ಹಿಂತಲೆಗೆ ಕೊಟ್ಟು ಗುಂಡಗೆ, ಉರುಟು ಮಾಡುವುದು. ನನ್ನ ಅಮ್ಮ ನನಗೆ ಮಾಡಿದ್ದು ಇದನ್ನೇ, ನಾನು ಶಾಲಿನಿಗೆ ಮಾಡಿದ್ದೂ ಇದನ್ನೇ. ನಮ್ಮ ಕಡೆ ಮಗುವಿನ ತಲೆ ಉರುಟಾಗದಿದ್ದರೆ ಬಾಣಂತನ ಮಾಡಿದವಳಿಗೇ ಕೆಟ್ಟ ಹೆಸರು. ಸಾಸಿವೆ ತುಂಬಿಸಿದ ದಿಂಬನ್ನೂ ನಾನೇ ಹೊಲಿದಿದ್ದೇನೆ. ಇದಕ್ಕಿಂತ ಹೆಚ್ಚು ಇನ್ನೇನು ಮಾಡಬೇಕಂತೆ?

ಶಾಲಿನಿ ನನಗೆ ಒಬ್ಬಳೇ ಮಗಳು. ಇಲ್ಲಿಯೇ ಬ್ಯಾಂಕಿನಲ್ಲಿ ಕೆಲಸ, ಈಗ ಹೆರಿಗೆ ರಜೆ. ಅಳಿಯ ರಾಜೀವನ ಕಂಪೆನಿ ಇರುವುದು ತಿರುವನಂತಪುರದ ಕಳಕ್ಕೂಟಂನಲ್ಲಿ. ಶುಕ್ರವಾರ ರೈಲು ಹತ್ತಿ ಬರುತ್ತಾನೆ, ಭಾನುವಾರ ಹೋಗುತ್ತಾನೆ. ಉಳಿದಂತೆ ಈ ಮನೆಯಲ್ಲಿ ಇರುವುದು ನಾನು, ಅವಳು, ಮತ್ತೆ ಮೂರು ತಿಂಗಳ ಮೊಮ್ಮಗ, ನಮ್ಮ ಶ್ರೀನಿಧಿ. ಮಾತಾಡಲು ಜನ ಸಾಲದೆ ಈ ದಿನಚರಿ ಹಿಡಿದಿದ್ದೇನೆ.

ಮಧ್ಯಾಹ್ನ ಓಂಕಾರಪ್ಪನವರ ಫೋನು. ದಾವಣಗೆರೆಯ ಪ್ರಕಾಶಕರು. ಹೈಸ್ಕೂಲ್ ಮಕ್ಕಳಿಗೆಂದು ಜೀವಜಗತ್ತಿನ ಪುಸ್ತಕ ಮಾಡುತ್ತಿದ್ದಾರೆ. ತಲೆಬುರುಡೆ ಇರುವ ಪ್ರಾಣಿಗಳು ಎಲ್ಲಿಂದ ಬಂದವು, ಅವುಗಳಲ್ಲಿ ಯಾರು ಯಾರಿಗೆ ನೆಂಟರು ಎಂಬ ಅಧ್ಯಾಯ ನನ್ನ ಪಾಲಿನದು. "ಮೇಡಮ್ಮಾರೇ, ನಿಮ್ಮ ಬುರುಡಿ ಎಲ್ಲಿಗೆ ಬಂತ್ರೀ?" ಎಂದು ಕೇಳಿದರು. ಆ ಮನುಷ್ಯನಿಗೆ ತಾನು ಏನು ಕೇಳಿದೆ ಅನ್ನುವುದೇ ಗೊತ್ತಾಗಲಿಲ್ಲ. ಬರುತ್ತಾ ಉಂಟು ಅಂದೆ.


ಸೆಪ್ಟೆಂಬರ್ 14

ನಾಳೆ ಓಣಂ. ಕೆಳಗೆ ಅಂಗಳದಲ್ಲಿ ಹೂವಿನ ರಂಗೋಲಿ ಹಾಕುತ್ತಿದ್ದಾರೆ, ಗ್ರೇಸಿಯದ್ದೇ ಮುಂದಾಳುತನ. ನನಗೆ ಇಳಿದುಹೋಗುವ ಮನಸ್ಸಿಲ್ಲ.

ನಿನ್ನೆ ಚುಚ್ಚುಮದ್ದಿಗೆ ಹೋದಾಗ ಮಕ್ಕಳ ಡಾಕ್ಟರು ನಿಧಿಯ ತಲೆಯನ್ನು ಟೇಪಿನಲ್ಲಿ ಅಳೆದರು. ಮೇಲಿನಿಂದ ನೋಡಿದರು, ಬದಿಯಿಂದ ನೋಡಿದರು. "ಒಂದು ಸ್ಕ್ಯಾನ್ ಮಾಡಿಸಿ. ತಿರುವನಂತಪುರದಲ್ಲಿ ಮಕ್ಕಳ ತಲೆಬುರುಡೆಯನ್ನೇ ನೋಡುವ ಡಾಕ್ಟರ್ ಇದ್ದಾರೆ, ತಡಮಾಡದೆ ತೋರಿಸಿ" ಅಂದರು. ಡಾಕ್ಟರಾಗಿ ಎಷ್ಟು ವರ್ಷವಾಯಿತೋ ಆ ಹುಡುಗಿಗೆ. ನನ್ನ ಶಿಷ್ಯೆಯರ ಮಕ್ಕಳ ಪ್ರಾಯ.

ಶಾಲಿನಿ ಬರುವಾಗ ಆಟೋದಲ್ಲಿ ಮಗುವನ್ನು ಬಿಗಿಯಾಗಿ ಅಪ್ಪಿಕೊಂಡೇ ಇದ್ದಳು. ಮನೆಗೆ ಬಂದ ಮೇಲೆ, "ಅಮ್ಮ, ನಂಗೆ ಹೆದರಿಕೆ ಆಗ್ತದೆ" ಅಂದಳು. ನಾನು ಅವಳನ್ನು ಕೂರಿಸಿ, ಕ್ಯಾಲೆಂಡರಿನ ಹಿಂದುಗಡೆ ಬುರುಡೆಯ ಚಿತ್ರ ಬಿಡಿಸಿ ತೋರಿಸಿದೆ. ಹುಟ್ಟುವಾಗ ತಲೆಯ ಎಲುಬುಗಳು ಬಿಡಿಬಿಡಿಯಾಗಿ ಇರುತ್ತವೆ, ನಡುವೆ ಸಂದು ಇರುತ್ತದೆ, ಹಾಗಾಗಿ ಮಲಗಿದ ಹಾಗೆ ಆಕಾರ ಬದಲಾಗುತ್ತದೆ, ಇವನು ಯಾವಾಗಲೂ ಬದಿಗೆ ತಿರುಗಿ ಮಲಗುವವನು, ಅದಕ್ಕೇ ಉದ್ದವಾದದ್ದು. ಬೋರ್ಡಿನ ಮೇಲೆ ಸಾವಿರ ಸಲ ಬಿಡಿಸಿದ ಚಿತ್ರ, ಕೈ ತಾನಾಗಿ ಓಡಿತು. ಅವಳು ಚಿತ್ರವನ್ನೇ ನೋಡುತ್ತಾ ಕೂತಳು.

ರಾಜೀವ್ ಬಂದ ಮೇಲೆ ಮತ್ತೆ ಅದೇ ಮಾತು. "ಅತ್ತೆ, ಇದೆಲ್ಲ ನಿಮಗೆ ಗೊತ್ತಿರುವ ವಿಷಯ. ನೀವು ಹೇಳಿ. ಹೋಗುವಾ, ಬೇಡ್ವಾ?"

"ಎಂತ ಮಾರಾಯ, ಎಳೆ ತಲೆಗೆ ಈಗಲೇ ಸ್ಕ್ಯಾನು ಗೀನು ಅಂತ ಹೊಡೆಸುದಾ? ಎರಡು ತಿಂಗಳು ಬಿಡು. ಉರುಟಾಗದಿದ್ರೆ ನನ್ನ ಹೆಸರು ಚಂದ್ರಾವತಿ ಅಲ್ಲ" ಅಂದೆ.

ಇಬ್ಬರ ಮುಖದಲ್ಲೂ ಗೆಲುವು ಬಂತು. ಹೋಗುವುದು ಬೇಡವೆಂದು ತೀರ್ಮಾನವಾಯಿತು.


ಸೆಪ್ಟೆಂಬರ್ 22

ಅಧ್ಯಾಯದ ಮೊದಲ ಕರಡು ಮುಗಿಯಿತು. ಚೆನ್ನಾಗಿ ಬಂದಿದೆ, ನನಗೆ ನಾನೇ ಹೇಳಿಕೊಳ್ಳಲು ಸಂಕೋಚವೇನು? ಆಂಫಿಯಾಕ್ಸಸ್ಸಿನಿಂದ ಸುರುಮಾಡಿದ್ದೇನೆ. ಬೆರಳಿನಷ್ಟೂ ಉದ್ದವಿಲ್ಲದ, ಮರಳಿನಲ್ಲಿ ಹೂತುಕೊಂಡಿರುವ ಪ್ರಾಣಿ. ಬೆನ್ನಿನುದ್ದಕ್ಕೂ ಒಂದು ಗಟ್ಟಿ ದಾರದ ಹಾಗೆ ಆಧಾರ ಉಂಟು, ನರ ಉಂಟು, ತಲೆ ಅನ್ನುವುದು ಇಲ್ಲ. ಎದುರು ಯಾವುದು, ಹಿಂದೆ ಯಾವುದು ಎಂದು ಹುಡುಕಬೇಕು. ಆಮೇಲೆ ಎಲ್ಲೋ ಸಮುದ್ರದಲ್ಲಿ ಒಂದು ಜೀವಿಗೆ ಮೂಗು, ಕಣ್ಣು, ಮಿದುಳು ಎಲ್ಲ ಮುಂದುಗಡೆ ಒಟ್ಟುಗೂಡಿ, ಅದರ ಸುತ್ತ ಒಂದು ಪೆಟ್ಟಿಗೆ ಬಂತು. ಅಲ್ಲಿಂದ ಸುರುವಾದದ್ದು ಮೀನು, ಕಪ್ಪೆ, ಹಾವು, ಹಕ್ಕಿ, ಓಂಕಾರಪ್ಪ, ನಾನು ಎಲ್ಲ.

ನಂದಿತಾಗೆ ಕಳಿಸಿದೆ. ನನ್ನ ಹಳೆಯ ವಿದ್ಯಾರ್ಥಿನಿ, ಸುಳ್ಯದವಳು, ಈಗ ಇಲ್ಲೇ ಹತ್ತಿರ ಕಳಮಶ್ಶೇರಿಯ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಮೀನುಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ಒಂದೇ ಗಂಟೆಯಲ್ಲಿ ಕೆಂಪು ಗೆರೆ ಹಾಕಿ ವಾಪಸು!

ತಕರಾರು ಹ್ಯಾಗ್‌ಫಿಶ್ ಬಗ್ಗೆ. ಆಳಸಮುದ್ರದಲ್ಲಿ ಸತ್ತ ಮೀನು ತಿಂದು ಬದುಕುವ ಹಾವಿನಂಥದ್ದು. ಅದಕ್ಕೆ ಬುರುಡೆ ಉಂಟು, ಬೆನ್ನೆಲುಬು ಇಲ್ಲ, ಹಾಗಾಗಿ ಅದು ಬೆನ್ನೆಲುಬಿನವರ ಗುಂಪಿಗೆ ಸೇರುವುದಿಲ್ಲ, ಹೊಸ್ತಿಲಲ್ಲಿ ನಿಂತ ಪ್ರಾಣಿ ಎಂದು ಬರೆದಿದ್ದೆ. ಇಡೀ ಜನ್ಮ ಹಾಗೆಯೇ ಕಲಿಸಿದ್ದು. ಇವಳು ಬರೆಯುತ್ತಾಳೆ: "ಮೇಡಂ, ಇದು ಹಳೆಯದಾಯಿತು. ಜೀನ್ ಹೋಲಿಸಿ ನೋಡಿದರೆ ಅದು ಲ್ಯಾಂಪ್ರೆ ಎಂಬ ಇನ್ನೊಂದು ದವಡೆಯಿಲ್ಲದ ಮೀನಿಗೆ ಹತ್ತಿರದ ಸಂಬಂಧಿ. ಅದಕ್ಕೆ ಬೆನ್ನೆಲುಬು ಬಂದೇ ಇರಲಿಲ್ಲ ಎಂದಲ್ಲ, ಬಂದದ್ದು ಕಳೆದುಹೋದದ್ದು. ಬಾಲದ ಹತ್ತಿರ ಅದರ ಗುರುತೂ ಸಿಕ್ಕಿದೆ. ನೀವು ಹ್ಯಾಗ್‌ಫಿಶ್ ನೋಡಿದ್ದೀರಾ?"

ನೋಡಿಲ್ಲ. ಪುತ್ತೂರಿನಲ್ಲಿ ಎಲ್ಲಿಂದ ನೋಡುವುದು? ಆದರೂ ಕೇಳುವ ಧಾಟಿ ಉಂಟಲ್ಲ! ಉತ್ತರ ಬರೆಯಲಿಲ್ಲ. ಸಂಜೆಯೆಲ್ಲ ಅಡುಗೆಮನೆಗೂ ವರಾಂಡಕ್ಕೂ ಸುಮ್ಮನೆ ತಿರುಗಿದೆ. ಶಾಲಿನಿ, "ಕೂತ್ಕೊ ಅಮ್ಮ, ನಿನ್ನನ್ನು ನೋಡಿ ಮಗುವಿಗೂ ನಿದ್ದೆ ಬರುದಿಲ್ಲ" ಎಂದು ಗದರಿದಳು.


ಸೆಪ್ಟೆಂಬರ್ 30

ದಿಂಬು ಬದಲಿಸಿದೆ, ಸಾಸಿವೆ ಹೆಚ್ಚು ಹಾಕಿ. ಸ್ನಾನದ ಹೊತ್ತು ಹೆಚ್ಚು ಮಾಡಿದೆ. ನಿಧಿ ಅಳುತ್ತಾನೆ, ಅಳಲಿ. ಹಣೆ ಮೊದಲಿಗಿಂತ ಮುಂದೆ ಬಂದ ಹಾಗೆ ಕಾಣುತ್ತದೆ. ಶಾಲಿನಿ ಫೋಟೋ ತೆಗೆಯುವಾಗೆಲ್ಲ ಟೊಪ್ಪಿ ಹಾಕುತ್ತಾಳೆ.

ಕೈ ನೋಯುತ್ತದೆ. ಏನೂ ಬರೆಯಲು ತೋಚುವುದಿಲ್ಲ.


ಅಕ್ಟೋಬರ್ 9

ಕಡೆಗೂ ಕಳಮಶ್ಶೇರಿಗೆ ಹೋದೆ. ನಂದಿತಾಳ ಬಾಯಿ ಮುಚ್ಚಿಸುವುದೆಂದೇ ಹೊರಟದ್ದು. ಕಲೂರಿನಲ್ಲಿ ಮೆಟ್ರೊ ಹತ್ತಿ, ಅಲ್ಲಿಂದ ಆಟೋ. ಅವಳು ಗೇಟಿಗೇ ಬಂದು ನಿಂತಿದ್ದಳು. ತೆಳ್ಳಗಾಗಿದ್ದಾಳೆ. "ಬನ್ನಿ ಮೇಡಂ, ನಿಮಗೆ ತೋರಿಸ್ಲಿಕ್ಕೆ ಅಂತಲೇ ಹೊರಗೆ ತೆಗ್ದಿಟ್ಟಿದ್ದೇನೆ" ಎಂದು ಕೈ ಹಿಡಿದುಕೊಂಡೇ ಒಳಗೆ ಕರೆದೊಯ್ದಳು. ಬೈಯಬೇಕೆಂದು ಹೊರಟ ಮಾತೆಲ್ಲ ಅಲ್ಲಿಗೇ ಬಿದ್ದುಹೋಯಿತು.

ಟ್ರೇಯಲ್ಲಿ ಹ್ಯಾಗ್‌ಫಿಶ್ ಇತ್ತು. ಆಳಸಮುದ್ರಕ್ಕೆ ಹೋದ ಬೋಟಿನವರು ತಂದುಕೊಟ್ಟದ್ದಂತೆ. ಬೂದು ಬಣ್ಣ, ಕಣ್ಣಿನ ಜಾಗದಲ್ಲಿ ಬರೀ ಒಂದು ಮಸುಕು ಕಲೆ, ಬಾಯಿಯ ಸುತ್ತ ಮೀಸೆ. ಕೈಗವಸು ಹಾಕಿ ತಲೆಯನ್ನು ಹಿಡಿದು ನೋಡಿದೆ. ಬುರುಡೆ ಎಂದು ಬೋರ್ಡಿನ ಮೇಲೆ ದಪ್ಪ ಗೆರೆ ಎಳೆಯುತ್ತಿದ್ದೆನಲ್ಲ, ಅದು ಬೆರಳಿಗೆ ಸಿಗಲೇ ಇಲ್ಲ. ಮೆತ್ತಗೆ, ಕಿವಿಯ ಹಾಲೆಯ ಹಾಗೆ ಬಗ್ಗುತ್ತದೆ. "ಇದಾ?" ಅಂದೆ. "ಇದೇ ಮೇಡಂ" ಅಂದಳು. ನಾನು ಚಿತ್ರವನ್ನು ಕಲಿಸಿದ್ದೆ, ಪ್ರಾಣಿಯನ್ನು ಕಲಿಸಿರಲಿಲ್ಲ.

ಆಮೇಲೆ ಮೇಜಿನ ಮೇಲೆ ಸಾಲಾಗಿ ಬುರುಡೆಗಳು. ಮೀನಿನದ್ದಕ್ಕೆ ಲೆಕ್ಕವಿಲ್ಲದಷ್ಟು ಎಲುಬು, ಕಪ್ಪೆಗೆ ಕಡಿಮೆ, ನಮಗೆ ಇನ್ನೂ ಕಡಿಮೆ. ಕೊನೆಯಲ್ಲಿ ಹಸುಗೂಸಿನ ಬುರುಡೆಯ ಪ್ಲಾಸ್ಟಿಕ್ ಮಾದರಿ. ನಂದಿತಾ ನನ್ನ ತೋರುಬೆರಳನ್ನು ಹಿಡಿದು ನಡುನೆತ್ತಿಯಿಂದ ಹಿಂದಕ್ಕೆ ಎಳೆದಳು. "ನೋಡಿ ಮೇಡಂ, ಇಲ್ಲೊಂದು ತಗ್ಗು. ಮಿದುಳು ಬೆಳೆಯುವಾಗ ಎಲುಬು ಇಲ್ಲಿ ಜರುಗಿ ಜಾಗ ಕೊಡುದು. ನಿಮ್ಮ ಪಾಪುವಿನ ತಲೆಯಲ್ಲಿ ನೀವೇ ಮುಟ್ಟಿ ನೋಡಿರ್ತೀರಲ್ಲ."

ಹೌದು ಅಂದೆ. ಅವಳು ಚಹಾ ತರಿಸಿದಳು. ಕುಡಿದೆನೋ ಇಲ್ಲವೋ ನೆನಪಿಲ್ಲ.

ಮನೆಗೆ ಬಂದಾಗ ನಿಧಿ ಎಚ್ಚರವಾಗಿಯೇ ಇದ್ದ. ಶಾಲಿನಿ ಸ್ನಾನಕ್ಕೆ ಹೋಗಿದ್ದಳು. ಟೊಪ್ಪಿ ತೆಗೆದು ಒಂದೇ ಬೆರಳು ಇಟ್ಟೆ. ಒತ್ತಲಿಲ್ಲ. ನೆತ್ತಿಯಿಂದ ಹಿಂದಕ್ಕೆ ತಗ್ಗು ಇರಬೇಕಾದಲ್ಲಿ ಒಂದು ಏಣು, ಗಟ್ಟಿಯಾಗಿ, ಹಿಂತಲೆಯವರೆಗೆ. ಸಂದು ಇಲ್ಲ. ಎಲುಬು ಬೆಸೆದುಕೊಂಡುಬಿಟ್ಟಿದೆ. ಪಕ್ಕಕ್ಕೆ ಬೆಳೆಯಲಾಗದೆ ತಲೆ ಉದ್ದಕ್ಕೆ ಬೆಳೆಯುತ್ತಾ ಇದೆ. ದಿನಾ ಇದೇ ತಲೆ, ಇದೇ ಕೈ. ಒತ್ತುವುದರಲ್ಲೇ ಇದ್ದೆ, ಮುಟ್ಟಿಯೇ ನೋಡಿರಲಿಲ್ಲ.

ಅವನು ನನ್ನನ್ನು ನೋಡಿ ನಕ್ಕ.


ಅಕ್ಟೋಬರ್ 10

ಹೇಳಲಿಲ್ಲ. ನಾಳೆ ರಾಜೀವ್ ಬರಲಿ.

ಇವತ್ತು ಸ್ನಾನ ಮಾಡಿಸಲು ಆಗಲಿಲ್ಲ. ಸೊಂಟ ನೋವು ಎಂದು ಸುಳ್ಳು ಹೇಳಿದೆ.


ಅಕ್ಟೋಬರ್ 12

ಹೇಳಿದೆ. ತಿಂಡಿಯ ಹೊತ್ತು, ಇಬ್ಬರೂ ಇದ್ದಾಗ. ರಾಜೀವ್ ತಕ್ಷಣ ಫೋನು ತೆಗೆದುಕೊಂಡು ಆಸ್ಪತ್ರೆಯ ನಂಬರು ಹುಡುಕತೊಡಗಿದ. ಶಾಲಿನಿ ಕೇಳಿದಳು, "ಆವತ್ತು ಡಾಕ್ಟರು ಹೇಳಿದ್ದು ಇದನ್ನೇ ಅಲ್ವಾ?"

"ಹೌದು" ಅಂದೆ.

"ಮತ್ತೆ ನೀನು ಅಲ್ಲ ಅಂತ ಹೇಳಿದ್ದು?"

ತಟ್ಟೆಯಲ್ಲಿದ್ದ ದೋಸೆಯನ್ನು ಚೂರು ಚೂರು ಮಾಡಿದೆ, ತಿನ್ನಲಾಗಲಿಲ್ಲ. ಅವಳು ಎದ್ದು ಮಗುವನ್ನು ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.


ಅಕ್ಟೋಬರ್ 21, ತಿರುವನಂತಪುರದಿಂದ ಬಂದು

ಸ್ಕ್ಯಾನ್ ಆಯಿತು. ಡಾಕ್ಟರ್ ವಿನ್ಸೆಂಟ್ ಅಂತ, ಮೆತ್ತಗೆ ಮಾತಾಡುವ ಮನುಷ್ಯ. ಚಿತ್ರವನ್ನು ಪರದೆಯ ಮೇಲೆ ತಿರುಗಿಸಿ ತಿರುಗಿಸಿ ತೋರಿಸಿದರು. ನನ್ನ ಮೊಮ್ಮಗನ ತಲೆಬುರುಡೆ. ಎಲ್ಲ ಗೆರೆಗಳೂ ಇವೆ, ನಡುವಿನದ್ದು ಮಾತ್ರ ಇಲ್ಲ.

ನಾನೇ ಕೇಳಿದೆ. ಇಂಗ್ಲಿಷಿನಲ್ಲಿ, ಎಣ್ಣೆ ಹಚ್ಚಿ ಒತ್ತಿದ್ದರಿಂದ ಹೀಗಾಯಿತಾ ಎಂದು. "ಇಲ್ಲಮ್ಮ. ಹುಟ್ಟುವ ಮೊದಲೇ ಬೆಸೆದುಕೊಂಡದ್ದು. ನೀವು ಒತ್ತಿದ್ದರಿಂದ ಬಂದದ್ದೂ ಅಲ್ಲ, ಒತ್ತಿದರೆ ಹೋಗುವುದೂ ಅಲ್ಲ" ಅಂದರು. ಒಂದು ಕ್ಷಣ ಜೀವ ಹಗುರಾಯಿತು.

ಆಮೇಲೆ ಅಂದರು, ಇನ್ನೂ ಸಣ್ಣವನಿದ್ದಾಗ ಬಂದಿದ್ದರೆ ಎರಡು ಚಿಕ್ಕ ಗಾಯದಲ್ಲಿ ಮುಗಿಸಬಹುದಿತ್ತು. ಅವರು ಹಾಗೆ ಮಾಡುವ ಪ್ರಾಯ ಇವನಿಗೆ ದಾಟಿದೆ. ಈಗ ಜನವರಿಯವರೆಗೆ ಕಾದು, ಸ್ವಲ್ಪ ಬಲ ಬಂದ ಮೇಲೆ, ದೊಡ್ಡ ಆಪರೇಷನ್ ಮಾಡಬೇಕು. ಕಿವಿಯಿಂದ ಕಿವಿಗೆ ತೆರೆದು, ಎಲುಬು ಬಿಡಿಸಿ, ಬೇರೆ ಆಕಾರಕ್ಕೆ ಕೂರಿಸಬೇಕು. ರಕ್ತ ಕೊಡಬೇಕಾಗುತ್ತದೆ. ಮಾಡದಿದ್ದರೆ? ಮಿದುಳಿಗೆ ಜಾಗ ಸಾಲದೆ ಒತ್ತಡ ಬೀಳಬಹುದು. ಬೀಳದೆಯೂ ಇರಬಹುದು. ಆದರೆ ಕಾದು ನೋಡುವ ವಿಷಯ ಇದಲ್ಲ.

ಬರುವಾಗ ರೈಲಿನಲ್ಲಿ ಶಾಲಿನಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಕೊಲ್ಲಂ ದಾಟಿದ ಮೇಲೆ ಬಾಯಿ ಬಿಟ್ಟಳು. "ಇನ್ನು ಅವನ ತಲೆ ನೀನು ಮುಟ್ಟುದು ಬೇಡ."

ಆಯಿತು ಅಂದೆ.


ನವೆಂಬರ್ 6

ಸ್ನಾನ ಅವಳೇ ಮಾಡಿಸುತ್ತಾಳೆ. ಬಚ್ಚಲಿನ ಬಾಗಿಲಲ್ಲಿ ಟವೆಲು ಹಿಡಿದು ನಿಲ್ಲುವ ಕೆಲಸ ನನ್ನದು. ಪುತ್ತೂರಿಗೆ ಹೋಗಿಬಿಡಲೇ ಎಂದು ದಿನಕ್ಕೆ ಹತ್ತು ಸಲ ಅನಿಸುತ್ತದೆ. ಹೋದರೆ ಇವರಿಗೆ ಅಡುಗೆ ಯಾರು ಮಾಡುವುದು? ಅದೂ ನೆಪ. ಇವನನ್ನು ಬಿಟ್ಟು ಹೋಗಲು ಆಗುವುದಿಲ್ಲ, ಅಷ್ಟೇ.

ಗ್ರೇಸಿ ಬಂದಳು. ಅವಳಿಗೆ ಎಲ್ಲ ಹೇಳಿದೆ. ಮೊದಲೇ ನೋಡಿ ಹೇಳಿದ್ದೆ ಎಂದು ಅವಳು ಹೇಳಬಹುದಿತ್ತು, ಹೇಳಲಿಲ್ಲ. ಕೂತು, ನನ್ನ ಜೊತೆ ಬೆಳ್ಳುಳ್ಳಿ ಸುಲಿದಳು. ಅವಳ ತಂಗಿಯ ಮಗನಿಗೂ ಸಣ್ಣದರಲ್ಲಿ ಹೃದಯದ ಆಪರೇಷನ್ ಆಗಿತ್ತಂತೆ. ಆಗ ಏನೇನಾಯಿತು ಎಂದು ಕೇಳುತ್ತಾ ಕೂತೆ. ಸಂಜೆಯಾದದ್ದೇ ತಿಳಿಯಲಿಲ್ಲ.


ನವೆಂಬರ್ 24

ನಂದಿತಾಗೆ ಫೋನು ಮಾಡಿ, ಬುರುಡೆ ಮೊದಲು ಹೇಗೆ ಬಂತು ಎಂದು ಕೇಳಿದೆ. ಗೊತ್ತಿದ್ದದ್ದೇ, ಆದರೂ ಅವಳ ಬಾಯಿಂದ ಕೇಳಬೇಕೆನಿಸಿತು. ಭ್ರೂಣದ ಬೆನ್ನಿನಲ್ಲಿ ನರದ ಕೊಳವೆ ಮಡಚಿಕೊಳ್ಳುವಾಗ ಅದರ ಅಂಚಿನಿಂದ ಕೆಲವು ಕೋಶಗಳು ಎದ್ದು ಹೊರಡುತ್ತವೆ. ನಡೆದು ನಡೆದು ತಲೆಯ ಕಡೆ ಹೋಗಿ ಮುಖವಾಗುತ್ತವೆ, ದವಡೆಯಾಗುತ್ತವೆ, ಬುರುಡೆಯ ಮುಂಭಾಗವಾಗುತ್ತವೆ. ಆಂಫಿಯಾಕ್ಸಸ್ಸಿನಲ್ಲಿ ಹೀಗೆ ಎದ್ದು ಹೊರಡುವ ಕೋಶಗಳು ಇಲ್ಲ. ತಲೆ ಇಲ್ಲದವರಿಗೂ ತಲೆ ಇರುವವರಿಗೂ ಇರುವ ದೊಡ್ಡ ವ್ಯತ್ಯಾಸ ಅದೇ.

"ಮತ್ತೆ ಎಲ್ಲಿ ನಿಲ್ಲಬೇಕು, ಎಲ್ಲಿ ಬೆಸೆಯಬೇಕು ಅಂತ ಅವಕ್ಕೆ ಹೇಗೆ ಗೊತ್ತಾಗುದು ಮಾರಾಯ್ತಿ?"

"ಸ್ವಲ್ಪ ಸ್ವಲ್ಪ ಗೊತ್ತುಂಟು ಮೇಡಂ. ಪೂರಾ ಯಾರಿಗೂ ಗೊತ್ತಿಲ್ಲ."

ಅಧ್ಯಾಯವನ್ನು ಮತ್ತೆ ಬರೆದೆ. ಹ್ಯಾಗ್‌ಫಿಶ್ ಅನ್ನು ಒಳಗೆ ಸೇರಿಸಿದೆ. "ನಾವು ಬಹಳ ಕಾಲ ಹಾಗೆಂದು ತಿಳಿದಿದ್ದೆವು, ಈಗ ಹೀಗೆ ತಿಳಿಯುತ್ತೇವೆ, ಮುಂದೆ ಬದಲಾದರೂ ಆಗಬಹುದು" ಎಂದೂ ಒಂದು ಸಾಲು ಹಾಕಿದೆ. ಓಂಕಾರಪ್ಪನವರಿಗೆ ಅದು ಹಿಡಿಸಲಿಲ್ಲ. "ಅಲ್ರೀ ಮೇಡಮ್ಮಾರೇ, ಟೀಚರ್ ಆದೋರೇ ಗೊತ್ತಿಲ್ಲ ಅಂದ್ರೆ ಹುಡುಗ್ರು ಏನ್ ಓದ್ತಾವ್ರೀ?"

ತೆಗೆಯಬೇಡಿ ಅಂದೆ. ಬೇಕಾದರೆ ನನ್ನ ಹೆಸರು ತೆಗೆಯಿರಿ, ಆ ಸಾಲು ಇರಲಿ. ಅವರು ತಬ್ಬಿಬ್ಬಾಗಿ ಫೋನು ಇಟ್ಟರು.


ಡಿಸೆಂಬರ್ 20

ಇವತ್ತು ಶಾಲಿನಿ ಕಿರುಚಿದಳು. ಕಾರಣ ದೊಡ್ಡದೇನಲ್ಲ. ನಿಧಿಗೆ ಶೀತ, ಮೂಗು ಕಟ್ಟಿದೆ. ಕೆಮ್ಮು ಜ್ವರ ಇದ್ದರೆ ಆಪರೇಷನ್ ಮುಂದೆ ಹೋಗುತ್ತದೆ ಎಂದು ಹೇಳಿದ್ದಾರೆ. ನಾನು ಸಾಂಬ್ರಾಣಿಸೊಪ್ಪಿನ ರಸ ಕೊಡುವಾ ಅಂದೆ.

"ಸಾಕು ಅಮ್ಮ! ನಿನ್ನ ಮದ್ದು ಸಾಕು, ನಿನ್ನ ಪಾಠ ಸಾಕು! ಆವತ್ತು ನಂಗೆ ಹೆದರಿಕೆ ಆಗ್ತದೆ ಅಂತ ಹೇಳಿದೆ. ಒಮ್ಮೆಯಾದ್ರೂ ನಿಂಗೂ ಹೆದರಿಕೆ ಆಗ್ತದೆ ಅಂತ ಹೇಳಿದಿಯಾ ನೀನು? ಚಿತ್ರ ಬಿಡಿಸಿ ಕೊಟ್ಟೆ. ನಾನೆಂತ ನಿನ್ನ ಕ್ಲಾಸಿಗೆ ಬಂದಿದ್ದೆನಾ?"

ಮಗು ಹೆದರಿ ಅತ್ತಿತು. ಅವಳೂ ಅತ್ತಳು. ನನಗೂ ಹೆದರಿಕೆ ಆಗಿತ್ತು ಎಂದು ಹೇಳಬೇಕೆಂದು ಬಾಯಿಗೆ ಬಂತು. ಗ್ರೇಸಿ ಮೊದಲ ಸಲ ತೊಟ್ಟಿಲಿಗೆ ಬಗ್ಗಿ ನೋಡಿದ ದಿನವೇ ಆಗಿತ್ತು. ಅದಕ್ಕೇ ಅಷ್ಟು ಜೋರಾಗಿ ಮಾತಾಡಿದ್ದು. ಹೇಳಲಿಲ್ಲ. ಮಕ್ಕಳ ಡಾಕ್ಟರಿಗೆ ಫೋನು ಮಾಡಿ, ಮೂಗಿಗೆ ಯಾವ ಹನಿ ಹಾಕಬೇಕೆಂದು ಕೇಳಿ, ಬರೆದುಕೊಂಡು, ಕೆಳಗಿನ ಅಂಗಡಿಯಿಂದ ತಂದುಕೊಟ್ಟೆ.


ಜನವರಿ 7, 2025, ಕಳಕ್ಕೂಟಂ

ರಾಜೀವನ ಫ್ಲ್ಯಾಟಿಗೆ ಬಂದಿದ್ದೇವೆ. ಕುತ್ತಿಗೆಗೆ ಟ್ಯಾಗು ಹಾಕಿಕೊಂಡ ಹುಡುಗ ಹುಡುಗಿಯರು ದಿನವಿಡೀ ರಸ್ತೆಯ ತುಂಬ. ರಾಜೀವನ ಆಫೀಸಿನ ಅಲ್ವಿನ್, ಅಭಿಜಿತ್ ಇಬ್ಬರೂ ರಕ್ತ ಕೊಟ್ಟು, ಅಲ್ಲಿಂದ ನೇರ ಇಲ್ಲಿಗೆ ಬಂದು, ನಾನು ಮಾಡಿದ ಉಪ್ಪಿಟ್ಟು ತಿಂದು ಹೋದರು. ಅವರ ಹತ್ತಿರ ಏನೇನೋ ಕೇಳಿದೆ, ಊರು, ಮನೆ, ಕೆಲಸ. ಯಾರಾದರೂ ಮಾತಾಡುತ್ತಾ ಇದ್ದರೆ ಒಳ್ಳೆಯದು.

ಪರೀಕ್ಷೆಗಳೆಲ್ಲ ಸರಿ ಬಂದಿವೆ. ನಾಡಿದ್ದು ಬೆಳಿಗ್ಗೆ. ನಿಧಿ ಈಗ ಕುಳ್ಳಿರಿಸಿದರೆ ಕೂರುತ್ತಾನೆ, ಕೂತಲ್ಲೇ ಮುಂದಕ್ಕೆ ಬಾಗಿ ಚಾಪೆಯನ್ನು ನೆಕ್ಕುತ್ತಾನೆ. ನಾಡಿದ್ದು ಏನು ಎಂದು ಅವನಿಗೆ ಗೊತ್ತಿಲ್ಲ.


ಜನವರಿ 9

ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು. ಸಿಸ್ಟರ್ ನಿರ್ಮಲ ಎತ್ತಿಕೊಂಡಾಗ ಅವಳ ಬ್ಯಾಡ್ಜನ್ನು ಹಿಡಿದು ಆಡುತ್ತಾ ಹೋದ. ಬಾಗಿಲು ಮುಚ್ಚಿತು.

ಕೂತೆ. ಎದ್ದೆ. ಕ್ಯಾಂಟೀನಿಗೆ ಹೋಗಿ ಏನೂ ತೆಗೆದುಕೊಳ್ಳದೆ ಬಂದೆ. ರಾಜೀವ್ ಮೆಟ್ಟಿಲ ಮೇಲೆ ಕೂತಿದ್ದ. ಶಾಲಿನಿ ನಿಧಿಯ ಟೊಪ್ಪಿಯನ್ನು ಮಡಚುತ್ತಿದ್ದಳು, ಬಿಡಿಸುತ್ತಿದ್ದಳು. ಅವಳ ಪಕ್ಕದ ಕುರ್ಚಿ ಖಾಲಿ ಇತ್ತು. ಹೋಗಿ ಕೂತೆ. ಏನೂ ಹೇಳದೆ ಕೂತುಕೊಳ್ಳುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಎಷ್ಟೋ ಹೊತ್ತಾದ ಮೇಲೆ, "ನಂಗೆ ಹೆದರಿಕೆ ಆಗ್ತಾ ಉಂಟು ಮಗಾ" ಅಂದೆ. ಅವಳು ತಿರುಗಿ ನೋಡಿದಳು. ಎದ್ದು ಹೋಗಲಿಲ್ಲ.

ಮಧ್ಯಾಹ್ನ ಕಳೆದು ಡಾಕ್ಟರ್ ವಿನ್ಸೆಂಟ್ ಹೊರಗೆ ಬಂದರು. ಅಂದುಕೊಂಡ ಹಾಗೆ ಆಯಿತಂತೆ. ರಕ್ತ ಸ್ವಲ್ಪ ಹೆಚ್ಚು ಹೋಯಿತು, ಕೊಟ್ಟಿದ್ದೇವೆ, ಇವತ್ತು ನಾಳೆ ಜಾಗ್ರತೆಯಾಗಿ ನೋಡಬೇಕು ಅಂದರು. ಇವತ್ತು ಯಾರನ್ನೂ ಒಳಗೆ ಬಿಡುವುದಿಲ್ಲ.


ಜನವರಿ 10

ಬೆಳಿಗ್ಗೆ ಒಬ್ಬೊಬ್ಬರೇ ಹೋಗಿ ನೋಡಬಹುದು ಅಂದರು. ರಾಜೀವ್ ಔಷಧಿ ತರಲು ಹೋಗಿದ್ದ. ಶಾಲಿನಿ ಮೇಲಂಗಿ ಹಾಕಿಕೊಂಡು ಬಾಗಿಲವರೆಗೆ ಹೋದವಳು ಗೋಡೆ ಹಿಡಿದು ನಿಂತುಬಿಟ್ಟಳು. "ಮೊದಲು ನೀನು ಹೋಗು. ನೋಡಿ ಬಂದು ಹೇಳು. ನಂಗೆ ಕಾಲು ಬರುದಿಲ್ಲ."

ಹೋದೆ. ಸಿಸ್ಟರ್ ನಿರ್ಮಲ ಒಂದು ಮಂಚವನ್ನು ತೋರಿಸಿದಳು. ಇದಲ್ಲ, ನಮ್ಮದು ಬೇರೆ ಮಗು ಎಂದು ಹೇಳಬೇಕೆಂದು ಅವಳ ಕಡೆ ತಿರುಗಿದೆ. ಅಷ್ಟು ಊದಿಕೊಂಡಿತ್ತು ಮುಖ. ರೆಪ್ಪೆಗಳು ಉಬ್ಬಿ ಎರಡು ಕಣ್ಣೂ ಮುಚ್ಚಿಹೋಗಿದ್ದವು. ತಲೆಯ ತುಂಬ ಬಿಳಿ ಪಟ್ಟಿ, ಬದಿಯಿಂದ ಒಂದು ನಳಿಗೆ. ನನ್ನ ಕೈಯಲ್ಲೇ ಬೆಳೆದ ಮಗು, ನನಗೆ ಗುರುತು ಸಿಗಲಿಲ್ಲ. "ಇನ್ನೂ ಎರಡು ಮೂರು ದಿವಸ ಕಣ್ಣು ತೆರೆಯಲಿಕ್ಕಾಗದು ಅಮ್ಮೇ. ಕೇಳ್ತದೆ ಅವನಿಗೆ. ಸಂಸಾರಿಕ್ಕು, ಮಾತಾಡಿ" ಅಂದಳು ಸಿಸ್ಟರ್. ಅವನು ನೋವಿಗೆ ಸಣ್ಣಗೆ ನರಳುತ್ತಿದ್ದ, ಕೈಯನ್ನು ಗಾಳಿಯಲ್ಲಿ ಎತ್ತಿ ಹುಡುಕುತ್ತಿದ್ದ. ಆ ಹುಡುಕಾಟ ನನಗಾಗಿ ಅಲ್ಲ ಎಂದು ಮಾತ್ರ ಗೊತ್ತಾಯಿತು.

ಹೊರಗೆ ಬಂದೆ. ಶಾಲಿನಿ ನನ್ನ ಎರಡೂ ತೋಳು ಹಿಡಿದುಕೊಂಡಳು. "ಹೇಗಿದ್ದಾನೆ? ಸರಿ ಇದ್ದಾನಾ? ಹೇಳು!"

"ನಂಗೆ ಗೊತ್ತಾಗ್ಲಿಲ್ಲ ಮಗಾ" ಅಂದೆ. "ಅವನಿಗೆ ನೀನು ಬೇಕು. ನೀನು ಹೋಗು."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನ ಹಾಗೆ ಮೇಲಂಗಿಯನ್ನು ಎಳೆದುಕೊಂಡು ಒಳಗೆ ಹೋದಳು. ಬಾಗಿಲಿನ ಗಾಜಿನಲ್ಲಿ ನೋಡುತ್ತಾ ನಿಂತೆ. ಮಂಚದ ಹತ್ತಿರ ಹೋಗಿ ಅವಳೂ ಒಂದು ಕ್ಷಣ ನಿಂತಳು. ಮತ್ತೆ ಬಗ್ಗಿ, ಅವನ ಕಿವಿಯ ಹತ್ತಿರ ಏನೋ ಹೇಳಿದಳು. ಗಾಳಿಯಲ್ಲಿದ್ದ ಕೈ ಇಳಿದು ಅವಳ ಬೆರಳನ್ನು ಹಿಡಿಯಿತು.

ಹೊರಗೆ ಬಂದಾಗ ಅವಳ ಮುಖ ಪೂರ್ತಿ ಒದ್ದೆಯಾಗಿತ್ತು. "ಅವನೇ ಅಮ್ಮ" ಅಂದಳು. "ಅವನೇ."

ನನ್ನ ಭುಜಕ್ಕೆ ಹಣೆಯಿಟ್ಟು ಅತ್ತಳು. ನಾನೂ ಅತ್ತೆ. ಬಾಗಿಲಿನ ಆಚೆ ನಿಧಿ ಈಗ ಜೋರಾಗಿ ಅಳತೊಡಗಿದ್ದ, ಗಂಟಲು ಬಿಟ್ಟು, ಅಮ್ಮ ಹೋದಳೆಂಬ ಸಿಟ್ಟಿನಲ್ಲಿ. ಇಬ್ಬರೂ ಅಲ್ಲೇ ನಿಂತು ಕೇಳಿದೆವು.